ಚಳಿಗಾಲದಲ್ಲೂ ಸೈಕಲ್ ಕೆಳಗಿಡದ ಮರಿಯಾನ್ನೆ ವೊಸ್

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಮಾತಾಡುವುದು ನೆದರ್ಲೆಂಡ್ಸ್‌ನ ಸೈಕಲ್ ಪಟು ಮರಿಯಾನ್ನೆ ವೊಸ್ ಬಗ್ಗೆ. ಹುಟ್ಟಿದ್ದು 1987ರಲ್ಲಿ. ರೋಡ್ ರೇಸ್‌ನಲ್ಲಿ ಮೂರು ಸಲ ವಿಶ್ವ ಚಾಂಪಿಯನ್, ಸೈಕ್ಲೋಕ್ರಾಸ್‌ನಲ್ಲಿ ಎಂಟು ಸಲ, ಟ್ರ್ಯಾಕ್‌ನಲ್ಲಿ ಎರಡು ಸಲ, 2024ರಲ್ಲಿ ಗ್ರಾವೆಲ್‌ನಲ್ಲೂ, ಅಂದರೆ ಜಲ್ಲಿ ದಾರಿಯ ರೇಸ್‌ನಲ್ಲೂ, ಒಂದು ಸಲ. ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ, ಬೀಜಿಂಗ್‌ನ ಟ್ರ್ಯಾಕ್‌ನಲ್ಲಿ ಒಂದು, ಲಂಡನ್‌ನ ರಸ್ತೆಯಲ್ಲಿ ಒಂದು. ಪಟ್ಟಿ ದೊಡ್ಡದು, ಎಲ್ಲಾ ಓದುತ್ತಾ ಕೂತರೆ ಸಂಜೆ ಮುಗಿದುಹೋಗುತ್ತದೆ. ನನಗೆ ಹೇಳಬೇಕು ಅನಿಸಿರುವುದು ಒಂದೇ ವಿಷಯ: ರೋಡ್ ರೇಸ್ ನೋಡುವವರು ಚಳಿಗಾಲದ ಟೈಂಪಾಸ್ ಅಂದುಕೊಳ್ಳುವ ಸೈಕ್ಲೋಕ್ರಾಸ್ ಇದೆಯಲ್ಲ, ಇವರನ್ನು ಇಷ್ಟು ವರ್ಷ ಕಾಪಾಡಿದ್ದು ಅದೇ.

ಸೈಕ್ಲೋಕ್ರಾಸ್ ನೋಡಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಮೂರು ಕಿಲೋಮೀಟರ್ ಆಸುಪಾಸಿನ ಒಂದು ಸುತ್ತು, ಅದರಲ್ಲಿ ಹುಲ್ಲು, ಕೆಸರು, ಮರಳು, ಮೆಟ್ಟಿಲು, ಕಡಿದಾದ ದಿಬ್ಬ ಎಲ್ಲಾ ಇರುತ್ತವೆ. ಒಂದು ಗಂಟೆಯೊಳಗೆ ರೇಸ್ ಮುಗಿಯುತ್ತದೆ, ಆದರೆ ಉಸಿರು ತೆಗೆದುಕೊಳ್ಳಲು ಒಂದು ನಿಮಿಷವೂ ಸಿಗುವುದಿಲ್ಲ. ದಾರಿಗೆ ಅಡ್ಡವಾಗಿ ಹಲಗೆ ನಿಲ್ಲಿಸಿರುತ್ತಾರೆ. ಹಲಗೆ ಹತ್ತಿರ ಬರುತ್ತಿದ್ದ ಹಾಗೆ ಸವಾರರು ಬಲಗಾಲನ್ನು ಹಿಂದಿನಿಂದ ತಿರುಗಿಸಿ ಎಡಕ್ಕೆ ತರುತ್ತಾರೆ, ಒಂದು ಕ್ಷಣ ಒಂದೇ ಪೆಡಲ್ ಮೇಲೆ ನಿಂತು ತೇಲುತ್ತಾರೆ, ಕೆಳಗೆ ಹಾರಿ ಸೈಕಲ್ ಎತ್ತಿಕೊಂಡು ಹಲಗೆ ದಾಟುತ್ತಾರೆ, ಆಮೇಲೆ ಓಡುತ್ತಲೇ ಸೀಟಿನ ಮೇಲೆ ತೊಡೆ ಜಾರಿಸಿ ಮತ್ತೆ ಪೆಡಲ್ ತುಳಿಯುತ್ತಾರೆ. ಇಷ್ಟೆಲ್ಲಾ ಆಗುವುದು ನಾವು ಕಣ್ಣು ಮಿಟುಕಿಸುವಷ್ಟರಲ್ಲಿ. ಟೈರಿನ ಅಗಲ 33 ಮಿಲಿಮೀಟರ್ ಮೀರುವಂತಿಲ್ಲ, ಅದಕ್ಕೇ ಗಾಳಿ ತೀರಾ ಕಡಿಮೆ ಇಟ್ಟು ನೆಲ ಹಿಡಿಯುವ ಹಾಗೆ ಮಾಡಿಕೊಳ್ಳುತ್ತಾರೆ. ಕೆಸರು ಮೆತ್ತಿ ಸೈಕಲ್ ಭಾರವಾದರೆ ಪಿಟ್‌ನಲ್ಲಿ ಅದನ್ನು ಬಿಟ್ಟು ತೊಳೆದ ಇನ್ನೊಂದನ್ನು ಹಿಡಿದು ಓಡುತ್ತಾರೆ. ಅವರು ಮತ್ತೆ ಬರುವಷ್ಟರಲ್ಲಿ ಮೆಕ್ಯಾನಿಕ್ ಮೊದಲನೆಯದನ್ನು ತೊಳೆದು ರೆಡಿ ಮಾಡಿರಬೇಕು.

ಇಂಥ ಆಟದಲ್ಲಿ ವೊಸ್ ಮೊದಲ ವಿಶ್ವ ಪ್ರಶಸ್ತಿ ಗೆದ್ದಾಗ ಅವರಿಗೆ 18 ವರ್ಷ. 2006ರ ಜನವರಿ, ತಮ್ಮದೇ ದೇಶದ ಝೆಡ್ಡಾಮ್. ಅದಾಗಲೇ ಮೂರು ಸಲ ಗೆದ್ದಿದ್ದ ಜರ್ಮನಿಯ ಹಾಂಕಾ ಕುಪ್‌ಫೆರ್ನಾಗೆಲ್ ಅವರನ್ನು ಸ್ಪ್ರಿಂಟ್‌ನಲ್ಲಿ, ಅಂದರೆ ಗೆರೆ ಮುಟ್ಟುವ ಮುಂಚಿನ ಕೊನೆಯ ಜೋರು ಓಟದಲ್ಲಿ, ಹಿಂದೆ ಹಾಕಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ರೋಡ್ ರೇಸ್ ಪ್ರಶಸ್ತಿಯೂ ಬಂತು. ಹತ್ತೊಂಬತ್ತಕ್ಕೇ ಎರಡೂ ಕಡೆ ವಿಶ್ವ ಚಾಂಪಿಯನ್! ಇನ್ನು ಇವರನ್ನು ಹಿಡಿಯುವವರಿಲ್ಲ ಅಂತ ಯಾರಿಗಾದರೂ ಅನಿಸುತ್ತದೆ ಅಲ್ವಾ?

ಆದರೆ ಮುಂದಿನ ಐದು ವರ್ಷ ನೋಡಿ. 2007, 2008, 2009, 2010, 2011. ಐದೂ ವರ್ಷ ರೋಡ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ. ಸ್ಟುಟ್‌ಗಾರ್ಟ್‌ನಲ್ಲಿ ಮಾರ್ತಾ ಬಾಸ್ತಿಯಾನೆಲ್ಲಿ ಮೊದಲು, ವಾರೇಸೆಯಲ್ಲಿ ನಿಕೋಲ್ ಕುಕ್, ಮೆಂಡ್ರಿಸಿಯೋದಲ್ಲಿ ತಾತಿಯಾನಾ ಗುದೆರ್ತ್ಸೋ, ಆಮೇಲೆ ಜೀಲಾಂಗ್ ಮತ್ತು ಕೋಪನ್‌ಹೇಗನ್ ಎರಡರಲ್ಲೂ ಜಾರ್ಜಿಯಾ ಬ್ರೊಂಜೀನಿ. ಬಾಯಿಗೆ ಬಂದ ತುತ್ತು ಒಂದು ಸಲ ಜಾರಿದರೇ ಮನುಷ್ಯ ಕುಗ್ಗಿಹೋಗುತ್ತಾನೆ. ಇಲ್ಲಿ ಐದು ವರ್ಷ ಒಂದೇ ಸಮನೆ ಅದೇ ಆಯಿತು. ಎಷ್ಟು ಗಟ್ಟಿ ಮನಸ್ಸಿನವರಿಗಾದರೂ ಇದು ಸುಲಭದ ಮಾತಲ್ಲ.

ನನಗೆ ಮುಖ್ಯ ಅನಿಸುವುದು ಆ ಬೆಳ್ಳಿಗಳ ನಡುವಿನ ಚಳಿಗಾಲಗಳು. 2009ರಿಂದ 2014ರವರೆಗೆ ವೊಸ್ ಸೈಕ್ಲೋಕ್ರಾಸ್ ವಿಶ್ವ ಪ್ರಶಸ್ತಿಯನ್ನು ಒಂದು ವರ್ಷವೂ ಬಿಟ್ಟುಕೊಡಲಿಲ್ಲ. ಗೆದ್ದ ಊರುಗಳು ಹೋಗರ್‌ಹೈಡೆ, ತಾಬೋರ್, ಸಾಂಕ್ಟ್ ವೆಂಡೆಲ್, ಕೋಕ್ಸೈಡೆ, ಲೂಯಿವಿಲ್, ಮತ್ತೆ ಹೋಗರ್‌ಹೈಡೆ. ಅಂದರೆ ಬೇಸಿಗೆ ಮುಗಿಯುವಾಗ ರಸ್ತೆಯಲ್ಲಿ ಸೋಲು, ಕೆಲವೇ ತಿಂಗಳಲ್ಲಿ ಕೆಸರಿನಲ್ಲಿ ಗೆಲುವು. ರೋಡ್ ರೇಸ್ ಬಿಟ್ಟು ಬೇರೇನೂ ಇಲ್ಲದವರು ಸೋತ ಮೇಲೆ ಇಡೀ ಚಳಿಗಾಲ ಮನೆಯಲ್ಲಿ ಕೂತು ಅದನ್ನೇ ಮೆಲುಕು ಹಾಕಬೇಕಾಗುತ್ತದೆ. ಇವರಿಗೆ ಆ ಪುರುಸೊತ್ತೇ ಇರಲಿಲ್ಲ. ಕೋಕ್ಸೈಡೆಯ ಮರಳು ದಿಬ್ಬಗಳಲ್ಲಿ ಮುಂದಿನವರ ಚಕ್ರ ಕೊರೆದ ಗೆರೆಯಲ್ಲೇ ನಮ್ಮ ಚಕ್ರ ಇಟ್ಟುಕೊಳ್ಳಬೇಕು, ಹ್ಯಾಂಡಲ್ ಬಿಗಿಯಾಗಿ ಹಿಡಿದರೆ ಮುಗಿಯಿತು, ಮುಂದಿನ ಚಕ್ರ ಹೂತುಹೋಗುತ್ತದೆ. ಅಲ್ಲಿ ಹಳೆಯ ಸೋಲು ನೆನೆಸಿಕೊಂಡು ಸೈಕಲ್ ಓಡಿಸಲು ಸಾಧ್ಯವೇ?

2012ರಲ್ಲಿ ಎಲ್ಲಾ ಕೂಡಿಬಂತು. ಮೇ ತಿಂಗಳಲ್ಲಿ ಕಾಲರ್ ಬೋನ್ ಮುರಿದಿತ್ತು. ಜುಲೈನಲ್ಲಿ ಇಟಲಿಯಲ್ಲಿ ಹಲವು ದಿನ ನಡೆಯುವ ಜೀರೋ (Giro) ರೇಸ್ ಗೆದ್ದರು. ಅದೇ ತಿಂಗಳ 29ರಂದು ಲಂಡನ್‌ನ ಮಳೆಯಲ್ಲಿ ಒಲಿಂಪಿಕ್ಸ್ ರೋಡ್ ರೇಸ್. ನಾಲ್ವರು ಗುಂಪಿನಿಂದ ಬಿಡಿಸಿಕೊಂಡು ಮುಂದೆ ಹೋದರು, ಅದರಲ್ಲಿ ಅಮೆರಿಕದ ಶೆಲ್ಲಿ ಓಲ್ಡ್ಸ್‌ಗೆ ಪಂಕ್ಚರ್ ಆಯಿತು. ಉಳಿದ ಮೂವರಲ್ಲಿ ಕೊನೆಗೆ ವೊಸ್ ಮೊದಲು, ಬ್ರಿಟನ್‌ನ ಲಿಜ್ಜಿ ಆರ್ಮಿಟ್‌ಸ್ಟೆಡ್ ಎರಡನೆಯವರು, ರಷ್ಯಾದ ಓಲ್ಗಾ ಝಬೆಲಿನ್‌ಸ್ಕಾಯಾ ಮೂರನೆಯವರು. ಸೆಪ್ಟೆಂಬರ್‌ನಲ್ಲಿ ವಾಲ್ಕೆನ್‌ಬರ್ಗ್‌ನ ಕೌಬರ್ಗ್ ಏರಿನಲ್ಲಿ ಎಲ್ಲರನ್ನೂ ಬಿಟ್ಟು ಒಬ್ಬರೇ ಹೋಗಿ ವಿಶ್ವ ಪ್ರಶಸ್ತಿಯನ್ನೂ ಹೊತ್ತು ತಂದರು. ಸ್ಪ್ರಿಂಟ್‌ವರೆಗೆ ಕಾಯುವ ರಗಳೆಯೇ ಬೇಡ ಅನ್ನುವ ಹಾಗೆ!

ಇಲ್ಲಿ ಇನ್ನೊಂದು ವಿಷಯ ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಇಷ್ಟೆಲ್ಲಾ ಗೆದ್ದ ಹೆಣ್ಣುಮಗಳಿಗೆ ಟೂರ್ ಡಿ ಫ್ರಾನ್ಸ್‌ನಲ್ಲಿ ಓಡಲು ಜಾಗವೇ ಇರಲಿಲ್ಲ. 2013ರಲ್ಲಿ ವೊಸ್, ಸೈಕಲ್ ಪಟುಗಳಾದ ಎಮ್ಮಾ ಪೂಲಿ, ಕ್ಯಾಥರಿನ್ ಬರ್ಟೀನ್ ಮತ್ತು ಟ್ರಯಥ್ಲಾನ್ ಪಟು ಕ್ರಿಸ್ಸಿ ವೆಲ್ಲಿಂಗ್ಟನ್ ಸೇರಿ ಮಹಿಳೆಯರಿಗೂ ಟೂರ್ ಬೇಕು ಅಂತ ಸಹಿ ಸಂಗ್ರಹ ಮಾಡಿದರು. ಲಕ್ಷದ ಹತ್ತಿರ ಸಹಿ ಬಿತ್ತು. 2014ರ ಜುಲೈನಲ್ಲಿ ಸಿಕ್ಕಿದ್ದು ಪ್ಯಾರಿಸ್‌ನಲ್ಲಿ ಒಂದೇ ಒಂದು ದಿನದ ರೇಸ್. ಅದನ್ನು ಗೆದ್ದವರೂ ವೊಸ್ ಅವರೇ. ಸರಿಯಾದ, ದಿನಕ್ಕೊಂದರಂತೆ ಎಂಟು ಹಂತಗಳ ಟೂರ್ ಬಂದಿದ್ದು 2022ರಲ್ಲಿ. ಎಂಟು ವರ್ಷ! ಇದು ನನಗೆ ಈಗಲೂ ಬೇಜಾರಿನ ಸಂಗತಿ. ಅವರು ಅತ್ಯಂತ ಜೋರಾಗಿದ್ದ ಕಾಲದಲ್ಲಿ ಆ ರೇಸೇ ಇರಲಿಲ್ಲ.

ಆ ನಡುವೆ ಅವರು ಬಿದ್ದಿದ್ದೂ ಉಂಟು. 2015ರಲ್ಲಿ ತೊಡೆಯ ಸ್ನಾಯುವಿನ ನೋವು, ಜೊತೆಗೆ ವರ್ಷಗಟ್ಟಲೆ ಬಿಡುವಿಲ್ಲದೆ ಓಡಿದ ದಣಿವು. ಹೆಚ್ಚುಕಡಿಮೆ ಇಡೀ ಸೀಸನ್ ಹೋಯಿತು. ಚಳಿಗಾಲವೂ ಬೇಸಿಗೆಯೂ ಓಡಿದರೆ ದೇಹ ಒಂದಲ್ಲ ಒಂದು ದಿನ ಲೆಕ್ಕ ಕೇಳುತ್ತದೆ, ಅದನ್ನು ಮುಚ್ಚಿಡುವುದು ಬೇಡ. ವಾಪಸ್ ಬಂದವರು ಮುಂದಿನ ವರ್ಷ ರಿಯೋ ಒಲಿಂಪಿಕ್ಸ್‌ನಲ್ಲಿ ತಂಡದ ಆನ್ನಾ ವಾನ್ ಡೆರ್ ಬ್ರೆಗ್ಗೆನ್‌ಗಾಗಿ ದುಡಿದರು, ಚಿನ್ನ ಆನ್ನಾಗೆ ಬಂತು.

2021ರ ಅಕ್ಟೋಬರ್‌ನಲ್ಲಿ ಮಹಿಳೆಯರ ಮೊದಲ ಪ್ಯಾರಿಸ್-ರೂಬೆ ಅನ್ನುವ ಒಂದು ದಿನದ ರೇಸ್ ನಡೆಯಿತು. ಮಳೆಯಲ್ಲಿ ನೆನೆದ ಕಲ್ಲುಹಾಸಿನ ದಾರಿ, ಸವಾರರು ಒಬ್ಬರ ಹಿಂದೆ ಒಬ್ಬರು ಜಾರಿ ಬೀಳುತ್ತಿದ್ದರು. ಲಿಜ್ಜಿ ಡೈಗ್ನನ್, ಅಂದರೆ ಲಂಡನ್‌ನಲ್ಲಿ ಎರಡನೆಯವರಾಗಿದ್ದ ಅದೇ ಆರ್ಮಿಟ್‌ಸ್ಟೆಡ್, 80 ಕಿಲೋಮೀಟರ್‌ಗೂ ಜಾಸ್ತಿ ಒಬ್ಬರೇ ಓಡಿಸಿದರು. ಕೈಗವಸು ಹಾಕಿರಲಿಲ್ಲ, ಮುಗಿದಾಗ ಹ್ಯಾಂಡಲ್‌ಗೆ ರಕ್ತ ಅಂಟಿತ್ತು. ಹಿಂದಿನ ಗುಂಪಿನಿಂದ ಕಿತ್ತುಕೊಂಡು ಅವರನ್ನು ಅಟ್ಟಿಸಿಕೊಂಡು ಹೋದವರು ವೊಸ್. ಸಿಗಲಿಲ್ಲ, ಎರಡನೇ ಸ್ಥಾನ. ಆದರೆ ಆ ಕಲ್ಲುಗಳ ಮೇಲೆ ಸೈಕಲ್ಲನ್ನು ಅದರ ಪಾಡಿಗೆ ಕುಣಿಯಲು ಬಿಟ್ಟು ತಾವು ಮೇಲೆ ಅಲುಗದೆ ಕೂತಿದ್ದರಲ್ಲ, ಅದು ಅಪ್ಪಟ ಸೈಕ್ಲೋಕ್ರಾಸ್.

2022ರ ಜನವರಿಯಲ್ಲಿ ಅಮೆರಿಕದ ಫೆಯೆಟ್‌ವಿಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್ ಲೂಸಿಂಡಾ ಬ್ರಾಂಡ್ ಅವರನ್ನು ಸ್ಪ್ರಿಂಟ್‌ನಲ್ಲಿ ಸೋಲಿಸಿ ಎಂಟನೇ ಸೈಕ್ಲೋಕ್ರಾಸ್ ಪ್ರಶಸ್ತಿ ಪಡೆದರು. ಏಳನೆಯದು ಬಂದು ಎಂಟು ವರ್ಷ ಆಗಿತ್ತು. ಆ ಬೇಸಿಗೆಯ ಟೂರ್‌ನಲ್ಲಿ ಎರಡು ಹಂತ ಗೆದ್ದರು, ಒಟ್ಟು ಸಮಯದಲ್ಲಿ ಮುಂದಿರುವವರ ಹಳದಿ ಜೆರ್ಸಿ ತೊಟ್ಟರು, ಕೊನೆಗೆ ಅಂಕಗಳಲ್ಲಿ ಮೊದಲಿಗರಿಗೆ ಸಿಗುವ ಹಸಿರು ಜೆರ್ಸಿ ಮನೆಗೆ ಒಯ್ದರು.

2025ರ ಟೂರ್‌ನ ಮೊದಲ ದಿನ, ಪ್ಲುಮೆಲೆಕ್‌ನ ಏರು. ವೊಸ್‌ಗೆ 38 ವರ್ಷ. ಅವರದೇ ತಂಡದ ಪೌಲೀನ್ ಫೆರಾಂ-ಪ್ರೆವೋ ಮುಂದೆ ಜಿಗಿದಿದ್ದರು. ಪೌಲೀನ್ ಅವರನ್ನು ಹಿಡಿಯಲು ಮಾರಿಷಸ್‌ನ ಕಿಮ್ ಲೆ ಕೋರ್ಟ್ ಬಂದಾಗ ವೊಸ್ ಸ್ಪ್ರಿಂಟ್ ಶುರು ಮಾಡಿ ಕೊನೆಯ ಮೀಟರ್‌ಗಳಲ್ಲಿ ಇಬ್ಬರನ್ನೂ ದಾಟಿ ಗೆದ್ದರು, ಮತ್ತೆ ಹಳದಿ ಜೆರ್ಸಿ. ಒಂಬತ್ತು ದಿನದ ಆ ಟೂರ್ ಗೆದ್ದವರು ಪೌಲೀನ್. ಅವರೂ ಕೆಸರಿನಿಂದ ಬಂದವರೇ: 2015ರಲ್ಲಿ ತಾಬೋರ್‌ನಲ್ಲಿ ವೊಸ್ ಅವರ ಆರು ವರ್ಷದ ಸೈಕ್ಲೋಕ್ರಾಸ್ ಸರಣಿ ಮುರಿದು ವಿಶ್ವ ಚಾಂಪಿಯನ್ ಆಗಿದ್ದು ಇದೇ ಪೌಲೀನ್, ಅವತ್ತು ವೊಸ್ ಮೂರನೆಯವರಾಗಿದ್ದರು.