ಮೊದಲು ಕೈ, ಆಮೇಲೆ ಕಪ್ಪುಹಲಗೆ

ಕೇಳುಗರಿಗೆ ನಮಸ್ಕಾರ. ಒಂದರಿಂದ ಎಂಟನೆಯ ತರಗತಿಯವರೆಗೆ ಗಣಿತ ಕಲಿಸುವ ನನ್ನ ಸಹೋದ್ಯೋಗಿಗಳೂ, ಕೆಲಸದಿಂದ ದಣಿದು ಬಂದ ಮೇಲೂ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಹೇಳಿಕೊಡುವ ತಂದೆತಾಯಿಗಳೂ ನನ್ನ ಎದುರಿಗೇ ಇದ್ದಾರೆಂದು ಭಾವಿಸಿ ಮಾತನಾಡುತ್ತಿದ್ದೇನೆ. ನಾನು ಹೇಳಬೇಕಾಗಿರುವುದು ಒಂದೇ ಮಾತು. ಗಣಿತದಲ್ಲಿ ಮೊದಲು ಕೈ, ಆಮೇಲೆ ಕಪ್ಪುಹಲಗೆ. ಮಗು ಮುಟ್ಟಿ, ಮಡಚಿ, ಕಟ್ಟಿ, ಬಿಚ್ಚಿ ನೋಡಿದ ಮೇಲೆಯೇ ಸೂತ್ರವನ್ನು ಬರೆಯಬೇಕು.

ಎರಡನೆಯ ತರಗತಿಯ ಲೆಕ್ಕವನ್ನೇ ತೆಗೆದುಕೊಳ್ಳಿ. 42ರಲ್ಲಿ 17 ಕಳೆಯಬೇಕು. ‘ಎರಡರಲ್ಲಿ ಏಳು ಹೋಗುವುದಿಲ್ಲ, ಪಕ್ಕದ ಮನೆಯಿಂದ ಸಾಲ ತೆಗೆದುಕೋ’ ಎಂದು ನಾವು ಹೇಳಿಕೊಡುತ್ತೇವೆ. ಯಾವ ಮನೆ, ಎಂಥ ಸಾಲ ಎಂಬುದು ಮಗುವಿಗೆ ಗೊತ್ತಿಲ್ಲ. ಅದರ ಬದಲು ತೆಂಗಿನ ಪೊರಕೆಯ ಕಡ್ಡಿಗಳನ್ನು ಸಮನಾಗಿ ಮುರಿದು, ಹತ್ತು ಹತ್ತರ ಕಂತೆ ಮಾಡಿ, ರಬ್ಬರ್ ಬ್ಯಾಂಡ್ ಹಾಕಿ ಕೊಡಿ. ನಾಲ್ಕು ಕಂತೆ, ಎರಡು ಬಿಡಿ ಕಡ್ಡಿ. ಏಳು ಕಡ್ಡಿ ತೆಗೆಯಬೇಕಾದಾಗ ಯಾರೂ ಹೇಳದೆಯೇ ಮಗು ಒಂದು ಕಂತೆಯನ್ನು ಬಿಚ್ಚುತ್ತದೆ. ಬಿಡಿ ಕಡ್ಡಿ ಹನ್ನೆರಡಾಗುತ್ತವೆ, ಏಳು ಹೋಗಿ ಐದು ಉಳಿಯುತ್ತವೆ. ಉಳಿದ ಮೂರು ಕಂತೆಗಳಲ್ಲಿ ಒಂದನ್ನು ತೆಗೆದರೆ ಎರಡು ಕಂತೆ, ಐದು ಕಡ್ಡಿ, ಅಂದರೆ 25. ಅಲ್ಲಿ ಯಾರೂ ಯಾರಿಂದಲೂ ಸಾಲ ಪಡೆಯಲಿಲ್ಲ. ಒಂದು ಕಂತೆ ಬಿಚ್ಚಿಕೊಂಡಿತು, ಅಷ್ಟೇ.

ಇನ್ನು ನನಗೆ ಬಹಳ ಪ್ರಿಯವಾದ ಒಂದು ಪ್ರಸಂಗವನ್ನು ಹೇಳಲೇಬೇಕು. ಬೆಂಗಳೂರಿನ ಒಂದು ಶಾಲೆಯ ಆರನೆಯ ತರಗತಿ. ವಿಸ್ತೀರ್ಣದ ಪಾಠ ಮುಗಿದಿತ್ತು, ಸೂತ್ರ ಎಲ್ಲರ ಬಾಯಲ್ಲೂ ಇತ್ತು. ಈ ಊರಿನ ಮಕ್ಕಳಿಗೆ ಥರ್ಟಿ ಫಾರ್ಟಿ ಸೈಟು ಎಂದರೆ ವಿವರಿಸಬೇಕಾಗಿಲ್ಲ, ಮನೆಯ ಮಾತುಕತೆಯಲ್ಲೇ ಕೇಳಿರುತ್ತಾರೆ. 30 ಅಡಿಗೆ 40 ಅಡಿ, ಒಟ್ಟು 1,200 ಚದರ ಅಡಿ. ನಾನು ಕೇಳಿದೆ: ‘ಈ ಸೈಟಿನ ಸುತ್ತ ಹುರಿ ಕಟ್ಟಿ, ಅದೇ ಹುರಿಯಿಂದ ಬೇರೆ ಆಕಾರದ ಸೈಟು ಮಾಡಿದರೆ ಜಾಗ ಹೆಚ್ಚುತ್ತದೆಯೋ, ಕಡಿಮೆಯಾಗುತ್ತದೆಯೋ, ಅಷ್ಟೇ ಇರುತ್ತದೆಯೋ?’ ಹೆಚ್ಚುಕಡಿಮೆ ಇಡೀ ತರಗತಿ ಅಷ್ಟೇ ಇರುತ್ತದೆ ಎಂದು ಕೈ ಎತ್ತಿತು. ಪರೀಕ್ಷೆಯಲ್ಲಿ ಇವರಲ್ಲಿ ಹಲವರು ಪೂರ್ಣ ಅಂಕ ಪಡೆದಿದ್ದರು ಎಂಬುದನ್ನು ದಯವಿಟ್ಟು ಗಮನಿಸಿ.

ಮೈದಾನಕ್ಕೆ ಕರೆದುಕೊಂಡು ಹೋದೆ. 140 ಅಡಿ ಉದ್ದದ ಸೆಣಬಿನ ಹುರಿಗೆ ಹತ್ತು ಹತ್ತು ಅಡಿಗೊಂದು ಕೆಂಪು ಬಟ್ಟೆಯ ಚೂರು ಕಟ್ಟಿ, ಎರಡು ತುದಿಗಳನ್ನೂ ಗಂಟು ಹಾಕಿದ್ದೆವು. ನಾಲ್ಕು ಮಕ್ಕಳು ನಾಲ್ಕು ಮೂಲೆಯಲ್ಲಿ ನಿಂತು 30ಕ್ಕೆ 40ರ ಸೈಟು ಎಳೆದರು. ಒಂದು ಅಡಿ ಚೌಕಕ್ಕೆ ಕತ್ತರಿಸಿದ ಹಳೆಯ ಪತ್ರಿಕೆಯ ಹಾಳೆಗಳನ್ನು ಅಗಲದ ಉದ್ದಕ್ಕೂ ಒಂದು ಸಾಲು ಹಾಸಿದಾಗ 30 ಹಾಳೆ ಹಿಡಿದವು. ಅಂಥ 40 ಸಾಲು ಎಂದು ಅವರೇ ಹೇಳಿದರು. ಉದ್ದವನ್ನು ಅಗಲದಿಂದ ಏಕೆ ಗುಣಿಸುತ್ತೇವೆ ಎಂಬುದು ಅಲ್ಲಿಯವರೆಗೆ ಅವರಿಗೆ ಹೊಳೆದಿರಲಿಲ್ಲ. ಆಮೇಲೆ ಮೂಲೆಯವರು ಒಂದೊಂದು ಕೆಂಪು ಗುರುತಿನಷ್ಟು ಸರಿದರು. 20ಕ್ಕೆ 50, ಸಾವಿರ ಚದರ ಅಡಿ. ಇನ್ನೊಮ್ಮೆ ಸರಿದರು. 10ಕ್ಕೆ 60, ಬರೀ 600. ‘ಇದು ಸೈಟಲ್ಲ, ಗಲ್ಲಿ’ ಎಂದು ಒಬ್ಬ ಹುಡುಗ ಕೂಗಿದ. ಗಾರೆ ಕೆಲಸದವರ ಮಗಳೊಬ್ಬಳು, ತರಗತಿಯಲ್ಲಿ ಬಾಯಿ ತೆರೆಯದವಳು, ಒಂದು ಮೂಲೆ ಹಿಡಿದಿದ್ದಳು. ಅವಳು ಹಾಗೆಯೇ ಸರಿಯುತ್ತ ಸರಿಯುತ್ತ ಪಕ್ಕದ ಮೂಲೆಯವಳಿಗೆ ತಾಗಿ ನಿಂತಳು. ಆ ಕಡೆಯವರಿಗೂ ಹಾಗೆಯೇ ಕೂಡಿಕೊಳ್ಳಲು ಹೇಳಿದಳು. ಎರಡು ಹುರಿಗಳೂ ಒಂದಕ್ಕೊಂದು ಅಂಟಿಕೊಂಡವು. ‘ಮಿಸ್, ಹುರಿ ಅಷ್ಟೇ ಇದೆ, ಜಾಗ ಎಲ್ಲಾ ಹೋಯ್ತು’ ಎಂದಳು.

ಆ ಮಾತನ್ನು ನಾನು ಹೇಳಿಕೊಟ್ಟಿರಲಿಲ್ಲ. ಹಾಗಾದರೆ ಅತಿ ಹೆಚ್ಚು ಜಾಗ ಯಾವಾಗ ಸಿಗುತ್ತದೆ ಎಂಬ ಪ್ರಶ್ನೆಯೂ ಅವರಿಂದಲೇ ಬಂತು. ಎರಡು ಕೆಂಪು ಗುರುತುಗಳ ನಡುವೆ ಹಿಡಿದು 35ಕ್ಕೆ 35ರ ಚೌಕ ಮಾಡಿದರು. 1,225 ಬಂತು. ಆಯತಗಳಲ್ಲಿ ಅದನ್ನು ಮೀರಿಸುವುದು ಯಾವುದೂ ಇಲ್ಲ. ತರಗತಿಗೆ ಮರಳಿದ ಮೇಲೆ ನಾನು ಹಲಗೆಯ ಮೇಲೆ ಬರೆದದ್ದು ಎರಡೇ ಸಾಲು.

ಇದನ್ನು ಹೇಳಿದಾಗಲೆಲ್ಲ ‘ಮೇಡಂ, ಹೀಗೆ ಮಾಡಿದರೆ ಸಿಲಬಸ್ ಮುಗಿಯುವುದಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ನಾನು ಈ ಮಾತನ್ನು ಒಪ್ಪುವುದಿಲ್ಲ. ಅಂದು ನಮಗೆ ಬೇಕಾದದ್ದು ಎರಡು ಅವಧಿ. ಸುತ್ತಳತೆಯನ್ನೂ ವಿಸ್ತೀರ್ಣವನ್ನೂ ಬೆರೆಸಿಕೊಂಡು ತಪ್ಪು ಮಾಡುವ ಮಕ್ಕಳಿಗೆ ಅದೇ ಪಾಠವನ್ನು ಏಳರಲ್ಲಿಯೂ ಎಂಟರಲ್ಲಿಯೂ ಮತ್ತೆ ಹೇಳುತ್ತೇವಲ್ಲ, ಆ ಅವಧಿಗಳನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಇನ್ನು, ಕಲಿಕೋಪಕರಣಗಳು ಹಾಳಾಗುತ್ತವೆ ಎಂದು ಬೀರುವಿನಲ್ಲಿಟ್ಟು ಬೀಗ ಹಾಕುವುದನ್ನು ದಯಮಾಡಿ ಬಿಟ್ಟುಬಿಡಿ. ಹಾಳಾಗಲಿ. ಅವು ಇರುವುದೇ ಮಕ್ಕಳ ಕೈಗೆ.

ಸಮಯ ಕಡಿಮೆ ಉಳಿದಿದೆ, ಆದುದರಿಂದ ಉಳಿದವನ್ನು ಬೇಗ ಹೇಳುತ್ತೇನೆ. ಭಿನ್ನರಾಶಿಗಳ ಗುಣಾಕಾರಕ್ಕೆ ಒಂದು ಹಾಳೆ ಸಾಕು. ಅರ್ಧಕ್ಕೆ ಮಡಚಿ, ಅಡ್ಡಲಾಗಿ ಮೂರು ಭಾಗ ಮಡಚಿ, ಬಿಡಿಸಿದರೆ ಆರು ಮನೆಗಳು. ಅರ್ಧದ ಮೂರನೆಯ ಒಂದು ಭಾಗ ಆರನೆಯ ಒಂದು ಭಾಗವೆಂಬುದು ಕಣ್ಣಿಗೆ ಕಾಣುತ್ತದೆ. ವೃತ್ತದ ಪರಿಧಿಗೆ ಬಳೆ, ತಟ್ಟೆ, ಡಬ್ಬದ ಮುಚ್ಚಳ ಯಾವುದಾದರೂ ಆದೀತು. ಸುತ್ತ ದಾರ ಸುತ್ತಿ, ಆ ದಾರವನ್ನು ವ್ಯಾಸದ ಮೇಲೆ ಅಳೆಯಲಿ. ಬಳೆ ಚಿಕ್ಕದಿರಲಿ, ದೊಡ್ಡದಿರಲಿ, ಮೂರು ಸಲ ಹಿಡಿದು ಸ್ವಲ್ಪ ಉಳಿಯುತ್ತದೆ. ವ್ಯಾಸ 20,000 ಆದರೆ ಪರಿಧಿ ಸುಮಾರು 62,832 ಎಂದು ಆರ್ಯಭಟ ಕ್ರಿ.ಶ. 499ರಷ್ಟು ಹಿಂದೆಯೇ ಹೇಳಿದ್ದು ಇದೇ ‘ಸ್ವಲ್ಪ’ದ ಲೆಕ್ಕವನ್ನು. ದಾರ ಹಿಡಿದ ಮಗುವಿಗೆ ಆ ಹೆಸರನ್ನು ಅನಂತರ ಹೇಳಿ, ಮೊದಲೇ ಹೇಳಬೇಡಿ.

ಕೊನೆಯದಾಗಿ, ನಾಳೆಯೇ ಮಾಡಬಹುದಾದ ಒಂದು ಕೆಲಸ. ಪ್ರತಿ ಮಗುವೂ ರದ್ದಿ ಕಾಗದದಲ್ಲಿ ತನಗೆ ತೋಚಿದ ತ್ರಿಭುಜವನ್ನು ಕತ್ತರಿಸಲಿ. ಮೂರು ಮೂಲೆಗಳನ್ನು ಹರಿದು, ಚೂಪು ತುದಿಗಳು ಒಂದೇ ಬಿಂದುವಿಗೆ ಬರುವಂತೆ ಪಕ್ಕಪಕ್ಕದಲ್ಲಿ ಜೋಡಿಸಲಿ. ನಲವತ್ತು ಮಕ್ಕಳ ನಲವತ್ತು ಬಗೆಯ ತ್ರಿಭುಜಗಳೂ ಒಂದು ನೇರ ಗೆರೆಯ ಮೇಲೆ ಬಂದು ಕೂರುತ್ತವೆ. ಆಗ ಸೀಮೆಸುಣ್ಣ ಕೈಗೆತ್ತಿಕೊಂಡು 180 ಡಿಗ್ರಿ ಎಂದು ಬರೆಯಿರಿ. ನಮಸ್ಕಾರ.