ನಂಬರ್ ಸೇವ್ ಮಾಡಿಕೊಂಡವರೇ ನಮ್ಮ ಗಿರಾಕಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮಲೆನಾಡಿನಲ್ಲಿ ಏಪ್ರಿಲ್, ಮೇ ಅಂದರೆ ಹಪ್ಪಳದ ಕಾಲ. ಬಲಿತ ಹಲಸಿನಕಾಯಿ ಕೊಯ್ಯಿಸಿ, ಸೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಉಂಡೆ ಕಟ್ಟಿ, ಒತ್ತಿ ಒಣಗಿಸಬೇಕು. ಅಷ್ಟೂ ಕೆಲಸ ಮಳೆ ಹಿಡಿಯುವುದರೊಳಗೆ ಮುಗಿಯಬೇಕು. ಶಿರಸಿ, ಸಿದ್ದಾಪುರ, ಸಾಗರದ ಕಡೆ ಎಷ್ಟೋ ಮನೆಗಳಲ್ಲಿ ಹೆಂಗಸರು ಈ ಹಪ್ಪಳ ಮಾಡುತ್ತಾರೆ. ಅಪ್ಪೆಮಿಡಿ ಉಪ್ಪಿನಕಾಯಿ, ತೊಡೆದೇವು, ಬಾಳೆಕಾಯಿ ಚಿಪ್ಸ್ ಕೂಡ ಮಾಡುತ್ತಾರೆ. ಊರು ಬಿಟ್ಟು ಬೆಂಗಳೂರು, ಮುಂಬೈ ಸೇರಿದವರಿಗೆ ಇವೆಲ್ಲ ಬೇಕೇ ಬೇಕು. ಆದರೆ ಯಾರ ಮನೆಯಲ್ಲಿ ಸಿಗುತ್ತದೆ ಅಂತ ಅವರಿಗೆ ಗೊತ್ತಿಲ್ಲ. ಮಾಡಿದವರು ಅಂಗಡಿಗೆ ಹಾಕುತ್ತಾರೆ. ಅಂಗಡಿಯವರ ಲಾಭ ಕಳೆದು ಕೈಗೆ ಬರುವುದು ಕಮ್ಮಿ.

ಇಂಥ ಮನೆಗಳಲ್ಲಿ ಈಗ ಮೊಬೈಲ್ ಇದೆ, ಅದರಲ್ಲಿ ವಾಟ್ಸ್‌ಆ್ಯಪ್ ಇದೆ. ಅದರಿಂದ ವ್ಯಾಪಾರ ಬೆಳೆಸುವುದು ಹೇಗೆ ಅನ್ನುವುದೇ ಇವತ್ತಿನ ಮಾತು.

ಮೊದಲು ಒಂದು ತಪ್ಪು ಎಣಿಕೆ ಬಿಡಬೇಕು. ಎಷ್ಟು ಜಾಸ್ತಿ ಜನರಿಗೆ ಕಳಿಸಿದರೆ ಅಷ್ಟು ಜಾಸ್ತಿ ವ್ಯಾಪಾರ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಾಗಿ ಸಿಕ್ಕ ಸಿಕ್ಕ ಗ್ರೂಪಿಗೆಲ್ಲ ಹಪ್ಪಳದ ಫೋಟೋ ಹಾಕುತ್ತೇವೆ. ಮದುವೆ ಮನೆಯ ಗ್ರೂಪು, ಶಾಲೆಯ ಗ್ರೂಪು, ಹಾಲಿನ ಡೇರಿ ಗ್ರೂಪು, ಯಾವುದನ್ನೂ ಬಿಡುವುದಿಲ್ಲ. ಎರಡು ದಿನ ಯಾರೂ ಮಾತಾಡುವುದಿಲ್ಲ. ಮೂರನೇ ದಿನ ಗ್ರೂಪಿನ ಅಡ್ಮಿನ್ ಬೇಸರ ಮಾಡಿಕೊಳ್ಳುತ್ತಾರೆ. ವ್ಯಾಪಾರವೂ ಇಲ್ಲ, ಇದ್ದ ಸ್ನೇಹವೂ ಹಾಳು.

ವಾಟ್ಸ್‌ಆ್ಯಪ್‌ನಲ್ಲಿ ಬ್ರಾಡ್‌ಕಾಸ್ಟ್ ಲಿಸ್ಟ್ ಅಂತ ಒಂದಿದೆ. ಒಂದು ಪಟ್ಟಿಯಲ್ಲಿ 256 ಜನರ ತನಕ ಸೇರಿಸಬಹುದು. ಒಮ್ಮೆ ಬರೆದದ್ದು ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ, ಅವರೊಬ್ಬರಿಗೇ ಬರೆದ ಹಾಗೆ ಹೋಗುತ್ತದೆ. ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೆ ಒಂದು ಷರತ್ತಿದೆ. ಯಾರು ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡಿದ್ದಾರೋ ಅವರಿಗೆ ಮಾತ್ರ ಅದು ಮುಟ್ಟುತ್ತದೆ. ನಿಮ್ಮ ಫೋನಿನಲ್ಲಿ ಅವರ ನಂಬರ್ ಇದ್ದರೆ ಸಾಲದು, ಅವರ ಫೋನಿನಲ್ಲಿ ನಿಮ್ಮದು ಇರಬೇಕು.

ಈ ಷರತ್ತು ನನಗೆ ಬಹಳ ಇಷ್ಟ. ಸೇವ್ ಮಾಡಿಕೊಂಡವರು ಅಂದರೆ, ಇವರಿಂದ ಇನ್ನೊಮ್ಮೆ ತರಿಸೋಣ ಅಂತ ಮನಸ್ಸು ಮಾಡಿದವರು. ಅಂಥ ನೂರು ಜನ ಇದ್ದರೆ ಒಂದು ಮನೆಯ ಹಪ್ಪಳ ಸುಲಭವಾಗಿ ಮುಗಿದುಹೋಗುತ್ತದೆ. ಆದ್ದರಿಂದ ನಂಬರ್ ಸೇವ್ ಮಾಡಿಸಿಕೊಳ್ಳುವುದರ ಮೇಲೆ ನಿಮ್ಮ ಶ್ರಮ ಇರಲಿ. ಹಪ್ಪಳದ ಕಟ್ಟಿನ ಜೊತೆ ಒಂದು ಸಣ್ಣ ಚೀಟಿ ಇಡಿ. "ಈ ನಂಬರ್ ಸೇವ್ ಮಾಡಿಕೊಂಡು, ಸೇವ್ ಆಯ್ತು ಅಂತ ಒಂದು ಮೆಸೇಜ್ ಹಾಕಿ. ಮಿಡಿ ಉಪ್ಪಿನಕಾಯಿ ತಯಾರಾದಾಗ ತಿಳಿಸುತ್ತೇವೆ" ಅಂತ ಬರೆಯಿರಿ. ಮೆಸೇಜ್ ಹಾಕಿದವರನ್ನು ಮಾತ್ರ ಪಟ್ಟಿಗೆ ಸೇರಿಸಿ.

ಗಿರಾಕಿಗಳದ್ದೇ ಒಂದು ಗ್ರೂಪ್ ಮಾಡಿದರಾಗದೇ ಅಂತ ಕೆಲವರು ಕೇಳುತ್ತಾರೆ. ನಾನಂತೂ ಬೇಡ ಅನ್ನುತ್ತೇನೆ. ಗ್ರೂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ನಿಮ್ಮನ್ನು ನಂಬಿ ನಂಬರ್ ಕೊಟ್ಟ ಹೆಣ್ಣುಮಗಳಿಗೆ ನಾಳೆ ಗೊತ್ತಿಲ್ಲದವರ ಫೋನ್ ಬಂದರೆ? ಕೇಳದೆ ಯಾರನ್ನೂ ಗ್ರೂಪಿಗೆ ಸೇರಿಸಬಾರದು.

ಇನ್ನು ಆ್ಯಪಿನ ವಿಷಯ. ವ್ಯಾಪಾರದವರಿಗಾಗಿಯೇ ವಾಟ್ಸ್‌ಆ್ಯಪ್ ಬಿಸಿನೆಸ್ ಅನ್ನುವ ಬೇರೆ ಆ್ಯಪ್ ಇದೆ. 2018ರ ಜನವರಿಯಲ್ಲಿ ಬಂತು. ಹಾಕಿಕೊಳ್ಳಲು ದುಡ್ಡು ಕೊಡಬೇಕಿಲ್ಲ. ಒಂದೇ ನಂಬರನ್ನು ಮಾಮೂಲಿ ಆ್ಯಪಿನಲ್ಲೂ ಇದರಲ್ಲೂ ಒಟ್ಟಿಗೆ ಇಟ್ಟುಕೊಳ್ಳಲು ಆಗುವುದಿಲ್ಲ, ಎರಡೂ ಬೇಕಿದ್ದರೆ ವ್ಯಾಪಾರಕ್ಕೆ ಬೇರೆ ನಂಬರ್ ಬೇಕು. ಮನೆಯ ಲ್ಯಾಂಡ್‌ಲೈನ್ ನಂಬರ್ ಕೂಡ ನಡೆಯುತ್ತದೆ, ನಂಬರ್ ನಿಮ್ಮದೇ ಅಂತ ಖಚಿತಪಡಿಸುವ ಕೋಡನ್ನು ಫೋನ್ ಕರೆಯಲ್ಲೇ ಹೇಳುತ್ತಾರೆ. ಇದರಲ್ಲಿ ಕ್ಯಾಟಲಾಗ್ ಅಂತ ಒಂದು ಜಾಗ ಇದೆ. ಏನೇನು ಸಿಗುತ್ತದೆ ಅಂತ ಫೋಟೋ, ಬೆಲೆ, ವಿವರ ಹಾಕಿಟ್ಟರೆ ಗಿರಾಕಿ ತಾನೇ ನೋಡಿಕೊಳ್ಳುತ್ತಾರೆ.

ಲೇಬಲ್ ಅನ್ನುವ ಸೌಲಭ್ಯವೂ ಇದೆ. ಹೊಸ ಆರ್ಡರ್, ಹಣ ಬಾಕಿ, ಹಣ ಬಂತು ಅಂತ ಒಬ್ಬೊಬ್ಬರ ಹೆಸರಿಗೂ ಬಣ್ಣದ ಗುರುತು ಹಾಕಬಹುದು. ಹಪ್ಪಳದ ಸೀಸನ್ನಿನಲ್ಲಿ ಯಾರು ದುಡ್ಡು ಕೊಟ್ಟರು, ಯಾರಿಗೆ ಪಾರ್ಸೆಲ್ ಹೋಯಿತು ಅಂತ ತಲೆಯಲ್ಲಿ ಇಟ್ಟುಕೊಳ್ಳಲು ಸಾಧ್ಯವೇ ಇಲ್ಲ, ಅಲ್ವಾ?

ಗಿರಾಕಿ ಮೆಸೇಜ್ ಮಾಡಿದಾಗ ನೀವು ಇಲ್ಲದಿದ್ದರೆ ತಾನಾಗಿಯೇ ಉತ್ತರ ಹೋಗುವ ಹಾಗೆ ಇಡಬಹುದು. ಆದರೆ ನಮ್ಮ ಊರುಗಳಲ್ಲಿ ಒಂದು ತೊಡಕಿದೆ. ನಿಮ್ಮ ಫೋನಿಗೆ ಇಂಟರ್‌ನೆಟ್ ಇದ್ದಾಗ ಮಾತ್ರ ಆ ಉತ್ತರ ಹೋಗುತ್ತದೆ. ಗುಡ್ಡ ಹತ್ತಿದರೆ ಮಾತ್ರ ನೆಟ್‌ವರ್ಕ್ ಸಿಗುವ ಮನೆಗಳವರು ಅದನ್ನು ನಂಬಿ ಕೂರುವಂತಿಲ್ಲ. ಅದರ ಬದಲು ಪ್ರೊಫೈಲ್‌ನಲ್ಲೇ "ಸಂಜೆ 7ರ ಮೇಲೆ ಉತ್ತರ ಕೊಡುತ್ತೇವೆ" ಅಂತ ಬರೆದುಬಿಡಿ. ಕಾಯುವವರಿಗೆ ಕಾರಣ ಗೊತ್ತಿದ್ದರೆ ಬೇಜಾರಾಗುವುದಿಲ್ಲ.

ಈಗ ಮುಖ್ಯವಾದದ್ದಕ್ಕೆ ಬರುತ್ತೇನೆ. ಏನು ಬರೆಯಬೇಕು, ಯಾವ ಫೋಟೋ ಹಾಕಬೇಕು? ಇಂಟರ್‌ನೆಟ್ಟಿನಿಂದ ತೆಗೆದ ಹಪ್ಪಳದ ಚಿತ್ರ ಖಂಡಿತ ಬೇಡ. ನಿಮ್ಮ ಹಪ್ಪಳದ್ದೇ ಫೋಟೋ ತೆಗೆಯಿರಿ. ಬೆಳಗಿನ ಎಳೆಬಿಸಿಲಿನಲ್ಲಿ ಒಂದು ಹಪ್ಪಳವನ್ನು ಬೆಳಕಿಗೆ ಹಿಡಿಯಿರಿ, ಎಷ್ಟು ತೆಳ್ಳಗಿದೆ ಅಂತ ಕಾಣಲಿ. ಪಕ್ಕದಲ್ಲಿ ಕೆಂಡದಲ್ಲಿ ಸುಟ್ಟದ್ದೊಂದು, ಎಣ್ಣೆಯಲ್ಲಿ ಕರಿದದ್ದೊಂದು ಇಟ್ಟು ಇನ್ನೊಂದು ಫೋಟೋ ತೆಗೆಯಿರಿ. ಎಷ್ಟು ಅರಳುತ್ತದೆ ಅಂತ ಗೊತ್ತಾಗುತ್ತದೆ. ಚಾಪೆಯ ಗೆರೆ ಹಪ್ಪಳದ ಮೇಲೆ ಮೂಡಿದ್ದರೆ ಅದೂ ಕಾಣಲಿ. ಊರು ಬಿಟ್ಟವರಿಗೆ ಆ ಗೆರೆ ನೋಡಿದರೆ ಸಾಕು, ಮನೆಯಲ್ಲಿ ಮಾಡಿದ್ದು ಅಂತ ತಿಳಿಯುತ್ತದೆ.

ಮೆಸೇಜ್ ಹೀಗಿದ್ದರೆ ಚೆನ್ನ. "ನಮಸ್ಕಾರ. ಈ ವರ್ಷದ ಹಲಸಿನ ಹಪ್ಪಳ ತಯಾರಾಗಿದೆ. ಖಾರ ಹಾಕಿದ್ದು, ಹಾಕದ್ದು ಎರಡೂ ಇದೆ. ಒಂದು ಕಟ್ಟಿಗೆ 25 ಹಪ್ಪಳ. ಇವತ್ತಿಗೆ 40 ಕಟ್ಟು ಇದೆ. ಪಾರ್ಸೆಲ್ ಸೋಮವಾರ ಮತ್ತು ಗುರುವಾರ ಹೋಗುತ್ತದೆ." ಇದರ ಜೊತೆ ಕಟ್ಟಿನ ಬೆಲೆ, ಪಾರ್ಸೆಲ್ ಖರ್ಚು ಬರೆಯಿರಿ. ಬೆಲೆ ಮುಚ್ಚಿಟ್ಟು "ಇನ್‌ಬಾಕ್ಸಿಗೆ ಬನ್ನಿ" ಅನ್ನುವುದು ಬೇಡ. ಬೆಲೆ ಕೇಳಲು ಸಂಕೋಚಪಟ್ಟು ಸುಮ್ನೆ ಹೋಗಿಬಿಡುವವರು ಬಹಳ ಜನ.

ದಿನಾ ಶುಭೋದಯದ ಹೂವಿನ ಚಿತ್ರ ಕಳಿಸಬೇಡಿ. ಹೇಳಲು ವಿಷಯ ಇದ್ದಾಗ ಮಾತ್ರ ಬರೆಯಿರಿ. ದಿನದಿನದ ಕೆಲಸ ತೋರಿಸುವ ಆಸೆ ಇದ್ದರೆ ಸ್ಟೇಟಸ್ ಇದೆ. ಬೇಕಾದವರು ನೋಡುತ್ತಾರೆ, 24 ಗಂಟೆಯಲ್ಲಿ ತಾನೇ ಹೋಗುತ್ತದೆ. ಕಂಡಕಂಡವರಿಗೆ ಮೆಸೇಜ್ ಕಳಿಸಿ, ಅವರು ಬ್ಲಾಕ್ ಮಾಡಿ ದೂರು ಕೊಟ್ಟರೆ ನಿಮ್ಮ ಖಾತೆಯೇ ಬಂದ್ ಆಗಬಹುದು. ವರ್ಷಗಟ್ಟಲೆ ಕೂಡಿಸಿದ ಗಿರಾಕಿಗಳ ದಾರಿ ಒಂದೇ ದಿನದಲ್ಲಿ ಮುಚ್ಚಿಹೋಗುತ್ತದೆ.

ಟೈಪ್ ಮಾಡಲು ಬಾರದ ಅಮ್ಮಂದಿರು ಹಿಂಜರಿಯಬೇಕಿಲ್ಲ. ಮೈಕಿನ ಗುರುತು ಒತ್ತಿ ಹಿಡಿದು ಮಾತಾಡಿ. "ತಂಗೀ, ಮಿಡಿ ಇನ್ನೂ ಉಪ್ಪಿನಲ್ಲಿದೆ, ಮಸಾಲೆ ಹಾಕೋದಕ್ಕೆ ಸ್ವಲ್ಪ ದಿನ ಬೇಕು" ಅಂತ ನಿಮ್ಮದೇ ದನಿಯಲ್ಲಿ ಹೇಳಿದರೆ ಕೇಳುವವರಿಗೆ ಎಷ್ಟು ಹತ್ತಿರ ಅನ್ನಿಸುತ್ತದೆ! ಲೆಕ್ಕ ಮಾತ್ರ ಬರಹದಲ್ಲೇ ಇರಲಿ. ಎಷ್ಟು ಕಟ್ಟು, ಎಷ್ಟು ರೂಪಾಯಿ, ಯಾವ ವಿಳಾಸ, ಇದನ್ನು ಮಕ್ಕಳ ಹತ್ತಿರವಾದರೂ ಬರೆಸಿ.

ತಿನ್ನುವ ಪದಾರ್ಥ ಮಾರುವವರಿಗೆ ಇನ್ನೊಂದು ಮಾತು. ಮನೆಯಲ್ಲೇ ಮಾಡಿದ್ದಾದರೂ ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ ನೋಂದಣಿ ಬೇಕು. ಆಗ 14 ಅಂಕಿಯ ಒಂದು ಸಂಖ್ಯೆ ಸಿಗುತ್ತದೆ. ಪೊಟ್ಟಣದ ಮೇಲೆ ಆ ಸಂಖ್ಯೆ, ಏನೇನು ಹಾಕಿದೆ, ತೂಕ, ತಯಾರಿಸಿದ ದಿನ ಇರಲಿ. ಆ ಲೇಬಲ್ಲಿನ ಫೋಟೋವನ್ನು ಕ್ಯಾಟಲಾಗ್‌ನಲ್ಲೂ ಹಾಕಿ. ಮುಖ ನೋಡದೆ ಕೊಳ್ಳುವವರಿಗೆ ಅದರಿಂದ ಧೈರ್ಯ ಬರುತ್ತದೆ.

ಹಣದ ವಿಷಯದಲ್ಲಿ ಬಹಳ ಎಚ್ಚರ ಬೇಕು. ದಯವಿಟ್ಟು ಇದನ್ನು ಗಮನವಿಟ್ಟು ಕೇಳಿ. "ದುಡ್ಡು ಹಾಕಿದ್ದೇನೆ" ಅಂತ ಸ್ಕ್ರೀನ್‌ಶಾಟ್ ಕಳಿಸಿದರೆ ಅದನ್ನೇ ನಂಬಿ ಪಾರ್ಸೆಲ್ ಕಳಿಸಬೇಡಿ. ಸುಳ್ಳು ಸ್ಕ್ರೀನ್‌ಶಾಟ್ ಮಾಡುವುದು ಸುಲಭ. ನಿಮ್ಮ ಖಾತೆಯಲ್ಲಿ ಹಣ ಬಂದದ್ದು ನೋಡಿ. ಇನ್ನೊಂದು ಮೋಸ ಹೀಗೆ. ಯಾರೋ ಫೋನ್ ಮಾಡಿ, ಮಿಲಿಟರಿಯವರು ಅಂತ ಹೇಳಿ, ದೊಡ್ಡ ಆರ್ಡರ್ ಕೊಡುತ್ತಾರೆ. "ಹಣ ಕಳಿಸುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಅನ್ನುತ್ತಾರೆ. ನೆನಪಿಡಿ, ಯುಪಿಐ ಪಿನ್ ಹಾಕುವುದು ಹಣ ಕೊಡುವಾಗ. ಹಣ ಬರಲು ಪಿನ್ ಬೇಡವೇ ಬೇಡ. ಮೋಸ ಆಯಿತು ಅಂತ ಗೊತ್ತಾದ ಕೂಡಲೇ, ನಾಚಿಕೆ ಪಟ್ಟುಕೊಳ್ಳದೆ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಹೇಳಿದರೆ ಹಣ ತಡೆಯಲು ಅಷ್ಟು ಅನುಕೂಲ.

ಕೊನೆಗೆ, ಮಾಲು ಮುಗಿದಾಗ ಏನು ಮಾಡಬೇಕು? ಮುಗಿದಿದೆ ಅಂತಲೇ ಹೇಳಿ. ಗಿರಾಕಿ ತಪ್ಪಿಹೋಗುತ್ತಾರೆ ಅಂತ ಬೇರೆ ಕಡೆಯಿಂದ ತಂದು ನಿಮ್ಮ ಹೆಸರಿನಲ್ಲಿ ಕೊಡಬೇಡಿ. ಕೇಳಿ ಸಿಗದೆ ಹೋದವರ ಹೆಸರಿಗೆ "ಮುಂದಿನ ವರ್ಷ" ಅಂತ ಒಂದು ಲೇಬಲ್ ಹಾಕಿಡಿ. ಮುಂದಿನ ಸೀಸನ್ನಿಗೆ ಮೊದಲ ಮೆಸೇಜ್ ಅವರಿಗೇ ಹೋಗಲಿ, ಎಷ್ಟು ಕಟ್ಟು ಬೇಕು ಅಂತ ಮುಂಚೆಯೇ ಕೇಳಿ. ಅವರು ಹೇಳಿದ ಲೆಕ್ಕ ನೋಡಿಕೊಂಡೇ ಎಷ್ಟು ಹಲಸು ಕೊಯ್ಯಿಸಬೇಕು, ಒತ್ತಲು ಎಷ್ಟು ಜನರನ್ನು ಕರೆಯಬೇಕು ಅಂತ ತೀರ್ಮಾನ ಮಾಡಬಹುದು.

ಎಲ್ಲರಿಗೂ ನಮಸ್ಕಾರ.