ಹುಳಗಳ ಮನೆವಾರ್ತೆ

ಕೇಳುಗರಿಗೆ ನಮಸ್ಕಾರ.

ಅಡುಗೆಮನೆ ಕಟ್ಟೆಯ ಮೇಲೆ ಇರುವೆಗಳು ಸಾಲಾಗಿ ಹೋಗುವುದನ್ನು ದಿನಾ ನೋಡುತ್ತೀರಿ. ‘ನೋಡು, ಎಷ್ಟು ಶಿಸ್ತು, ಎಷ್ಟು ದುಡಿಮೆ’ ಅಂತ ಮಕ್ಕಳಿಗೆ ಪಾಠವನ್ನೂ ಹೇಳಿರುತ್ತೀರಿ. ಪಾಪ, ಇರುವೆಗೆ ಈ ಮೇಷ್ಟರ ಕೆಲಸ ಕೊಟ್ಟವರು ಯಾರೋ! ಅದಕ್ಕೂ ಒಂದು ಸಂಸಾರ, ಒಂದಿಷ್ಟು ಹರಟೆ, ಸ್ವಲ್ಪ ಮೈಗಳ್ಳತನ ಇರಬಾರದೇ? ನನಗಂತೂ ಹುಳಗಳಿಗೆ ಹೀಗೊಂದು ಗುಟ್ಟಿನ ಬದುಕು ಕಟ್ಟಿಕೊಡುವುದು ಬಹಳ ಇಷ್ಟ. ಖರ್ಚಿಲ್ಲ. ಕರೆಂಟು ಹೋದರೂ ನಡೆಯುತ್ತದೆ.

ಆದರೆ ನಾನೇ ಹಾಕಿಕೊಂಡ ಒಂದು ಕಟ್ಟುಪಾಡು ಇದೆ. ಹುಳ ನಿಜವಾಗಿ ಏನು ಮಾಡುತ್ತದೋ ಅದನ್ನು ಬಿಟ್ಟು ಕಥೆ ಹೇಳುವಂತಿಲ್ಲ. ಇರುವೆಯನ್ನೇ ನೋಡಿ. ಸಾಲಿನಲ್ಲಿ ದುಡಿಯುವವೆಲ್ಲ ಹೆಣ್ಣುಗಳೇ. ಎಳೆಯವು ಗೂಡಿನೊಳಗೆ ಮರಿಗಳನ್ನು ನೋಡಿಕೊಳ್ಳುತ್ತವೆ. ಹೊರಗಿನ ಕೆಲಸ ಬರುವುದು ವಯಸ್ಸಾದ ಮೇಲೆ. ಅಂದರೆ ನಿಮ್ಮ ಸಕ್ಕರೆ ಡಬ್ಬಕ್ಕೆ ಮುತ್ತಿಗೆ ಹಾಕಿರುವುದು ಅಜ್ಜಿಯರ ದಂಡು! ಎದುರಾದಾಗ ಮೀಸೆ ತಾಗಿಸಿ ವಾಸನೆ ನೋಡುತ್ತವಲ್ಲ, ಆಗ ನನಗೆ ಕೇಳಿಸುವುದು ಇದು: ‘ಏನಕ್ಕಾ, ಡಬ್ಬ ಇನ್ನೂ ತೆರೆದೇ ಇದೆಯಾ?’ ‘ಇದೆ, ಬೇಗ ಹೋಗು. ಆಯಮ್ಮ ಒದ್ದೆ ಬಟ್ಟೆ ಹಿಡ್ಕೊಂಡು ಬರ್ತಿದ್ದಾಳೆ.’ ಒದ್ದೆ ಬಟ್ಟೆ ಅವಕ್ಕೆ ದೊಡ್ಡ ಗಂಡಾಂತರವೇ. ದಾರಿಯುದ್ದಕ್ಕೂ ಹಚ್ಚಿಟ್ಟ ವಾಸನೆ ಅಳಿಸಿದರೆ ಸಾಲು ದಿಕ್ಕುತಪ್ಪುತ್ತದೆ.

ಇನ್ನು ಮಣ್ಣಿನ ಗೂಡು ಕಟ್ಟುವ ಕಣಜ. ಕಿಟಕಿ ಸರಳು, ಕ್ಯಾಲೆಂಡರ್ ಹಿಂಭಾಗ, ಪ್ಲಗ್ಗಿನ ತೂತು, ಯಾವುದನ್ನೂ ಬಿಡುವುದಿಲ್ಲ. ಇದರ ಗುಟ್ಟಿನ ಬದುಕನ್ನು ನಮ್ಮ ಹಿರಿಯರು ಎಂದೋ ಊಹಿಸಿಬಿಟ್ಟಿದ್ದರು. ಕಣಜ ಒಂದು ಹಸಿರು ಹುಳವನ್ನು ತಂದು ಗೂಡಿನಲ್ಲಿ ಕೂಡುತ್ತದೆ, ಹೊರಗೆ ಕುಳಿತು ಗುಂಯ್ ಗುಂಯ್ ಎಂದು ಉಪದೇಶ ಮಾಡುತ್ತದೆ, ಕೇಳಿ ಕೇಳಿ ಹುಳವೂ ಕಣಜವಾಗುತ್ತದೆ. ಗುರು ಶಿಷ್ಯರ ಮಾತು ಬಂದಾಗ ಕೀಟ-ಭ್ರಮರ ನ್ಯಾಯ ಅಂತ ಈಗಲೂ ಹೇಳುವುದುಂಟು. ಎಂಥ ಚಂದದ ಕಲ್ಪನೆ, ಅಲ್ವಾ?

ಒಳಗೆ ನಡೆಯುವುದು ಬೇರೆ. ಪುಟ್ಟ ಗಡಿಗೆಯಂಥ ಗೂಡು ಕಟ್ಟುವ ಜಾತಿ ಮೊದಲು ಚಾವಣಿಯಿಂದ ಒಂದು ಎಳೆಯಲ್ಲಿ ಮೊಟ್ಟೆಯನ್ನು ತೂಗುಹಾಕುತ್ತದೆ. ಥೇಟ್ ತೊಟ್ಟಿಲು! ಆಮೇಲೆ ಹಸಿರು ಹುಳಗಳನ್ನು ಹಿಡಿದು, ಚುಚ್ಚಿ, ಅಲುಗಾಡದಂತೆ ಮಾಡಿ ತುಂಬುತ್ತದೆ. ಸಾಯಿಸುವುದಿಲ್ಲ. ಸತ್ತರೆ ಕೊಳೆಯುತ್ತವಲ್ಲ. ಗೂಡಿನ ಬಾಯಿಗೆ ಮಣ್ಣು ಮೆತ್ತಿ ತಾಯಿ ಹೊರಟುಹೋಗುತ್ತಾಳೆ. ಮರಿ ಹುಟ್ಟಿ, ಉಗ್ರಾಣ ಖಾಲಿ ಮಾಡಿ, ರೆಕ್ಕೆ ಬಂದ ಮೇಲೆ ಗೋಡೆ ಕೊರೆದು ಹೊರಬರುತ್ತದೆ. ಅಮ್ಮನ ಮುಖ ನೋಡಿರುವುದಿಲ್ಲ, ಗಡಿಗೆ ಮಾಡುವುದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಉಪದೇಶದ ಕಥೆಗಿಂತ ನನಗೆ ಇದೇ ಜಾಸ್ತಿ ಹಿಡಿಸುತ್ತದೆ. ಶಿಷ್ಯನನ್ನೇ ತಿಂದು ಮುಗಿಸುವ ಪಾಠಶಾಲೆ!

ಮುಂಗಾರಿನ ಸಂಜೆ ಟ್ಯೂಬ್‌ಲೈಟಿಗೆ ಮುತ್ತುವ ಮಳೆಹುಳಗಳ ಮದುವೆ ದಿಬ್ಬಣವನ್ನೂ ಒಮ್ಮೆ ನೋಡಿ. ಅವು ರೆಕ್ಕೆ ಬಂದ ಗೆದ್ದಲು. ರೆಕ್ಕೆ ಕಳಚಿಟ್ಟು, ಅವಳು ಮುಂದೆ, ಅವನು ಹಿಂದೆ, ನೆಲದ ಮೇಲೆ ಮನೆ ಹುಡುಕುತ್ತಾ ಹೊರಡುತ್ತವೆ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಅಂತ ಮಾತಾಡಿಕೊಳ್ಳುತ್ತಿವೆ ಎಂದೇ ನನ್ನ ಅನುಮಾನ.

ಕಲ್ಪನೆಗೆ ಸವಾಲು ಹಾಕುವ ಹುಳ ಇನ್ನೊಂದಿದೆ. ಕಾಗದದಂಥ ಗೂಡು ಕಟ್ಟುವ ರೋಪಾಲಿಡಿಯಾ ಮಾರ್ಜಿನಾಟಾ ಎಂಬ ಕಣಜ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್ಕರ್ ಮತ್ತು ಅವರ ಶಿಷ್ಯರು ಒಂದೊಂದಕ್ಕೂ ಬಣ್ಣದ ಚುಕ್ಕೆ ಇಟ್ಟು, ಗುರುತು ಹಿಡಿದು, ವರ್ಷಗಟ್ಟಲೆ ನೋಡಿದ್ದಾರೆ. ಇದರ ರಾಣಿ ತುಂಬಾ ಸಾಧು, ಯಾರ ತಂಟೆಗೂ ಹೋಗುವುದಿಲ್ಲ. ಅವಳನ್ನು ತೆಗೆದರೆ ಸಾಕು, ಕೆಲಸದವರಲ್ಲಿ ಒಬ್ಬಳು ಇದ್ದಕ್ಕಿದ್ದಂತೆ ಜೋರಾಗುತ್ತಾಳೆ. ಕೆಲವು ದಿನ ಎಲ್ಲರ ಮೇಲೂ ಎಗರಾಡಿ, ಆಮೇಲೆ ತಾನೇ ರಾಣಿಯಾಗಿ ತಣ್ಣಗಾಗುತ್ತಾಳೆ. ಆ ಒಬ್ಬಳು ಯಾರು ಅಂತ ಮೊದಲೇ ಹೇಳಲು ವಿಜ್ಞಾನಿಗಳಿಗೆ ಆಗಲಿಲ್ಲ. ಕಣಜಗಳಿಗೆ ಮಾತ್ರ ಗೊತ್ತಿರುವಂತಿದೆ ಎಂದು 2008ರಲ್ಲಿ ಪ್ರಕಟಿಸಿದರು. ಯಾಕೆಂದರೆ ಅವಳು ಮುಂದೆ ಬಂದಾಗ ಉಳಿದವರು ಯಾರೂ ತಕರಾರು ತೆಗೆಯುವುದಿಲ್ಲ.

ನಿಮ್ಮ ಸಜ್ಜೆಯ ಕೆಳಗೂ ಅಂಥ ಗೂಡು ಇರಬಹುದು. ದೂರ ನಿಂತೇ ನೋಡಿ, ಕುಟುಕುತ್ತವೆ. ನಾನಂತೂ ಮೂಲೆಯಲ್ಲಿ ಸುಮ್ನೆ ಕುಳಿತ ಒಬ್ಬಳ ಮೇಲೆ ಕಣ್ಣಿಟ್ಟಿದ್ದೇನೆ.

ನಮಸ್ಕಾರ.